ತಪ್ಪಿಗೆ ಇಬ್ಬರು ಬೇಕು

ಫೈಟಿಂಗ್ ಗೇಮ್ ಆಡುವವರನ್ನು ಪಕ್ಕದಲ್ಲಿ ನಿಂತು ನೋಡುವವರ ಕಣ್ಣಿಗೆ ಮೊದಲು ಬೀಳುವುದು ಬೆರಳುಗಳ ವೇಗ. ಗುಂಡಿಗಳು ಪಟಪಟನೆ ಸದ್ದು ಮಾಡುತ್ತವೆ, ತೆರೆಯ ಮೇಲೆ ಇಬ್ಬರು ಜಟ್ಟಿಗಳು ಒಬ್ಬರ ಮೇಲೊಬ್ಬರು ಎರಗುತ್ತಾರೆ, ಒಂದೆರಡು ನಿಮಿಷದೊಳಗೆ ಒಬ್ಬ ನೆಲಕಚ್ಚುತ್ತಾನೆ. ಯಾರ ಕೈ ಚುರುಕೋ ಅವರದೇ ಗೆಲುವು ಎಂದುಕೊಂಡು ನೋಡುಗ ಎದ್ದು ಹೋಗುತ್ತಾನೆ. ಆದರೆ ಈ ಆಟಗಳನ್ನು ವರ್ಷಗಟ್ಟಲೆ ಆಡಿದವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ವೇಗದ ಪ್ರಸ್ತಾಪ ಬರುವುದು ಅಪರೂಪ. ಎದುರಾಳಿ ಎಲ್ಲಿ ತಪ್ಪಿದ, ಅದನ್ನು ಪನಿಶ್ ಮಾಡಿದೆವೋ ಇಲ್ಲವೋ, ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂಬುದರ ಸುತ್ತಲೇ ಅವರ ಚರ್ಚೆ ತಿರುಗುತ್ತದೆ.

ಆ ಚರ್ಚೆಯಲ್ಲಿ ಅಡಗಿರುವ ಒಂದು ವಿಚಾರವನ್ನು ಇಲ್ಲಿ ಬಿಡಿಸಿ ನೋಡಬೇಕೆಂದಿದ್ದೇನೆ. ನನ್ನ ವಾದ ಇಷ್ಟು: ಈ ಆಟಗಳಲ್ಲಿ ತಪ್ಪು ಒಬ್ಬನೇ ಮಾಡಬಲ್ಲ ಕೆಲಸವಲ್ಲ. ಒಬ್ಬ ಎಚ್ಚರ ತಪ್ಪಿ ಒಂದು ಹೊಡೆತ ಹೊಡೆಯಬೇಕು, ಇನ್ನೊಬ್ಬ ಸರಿಯಾದ ಗಳಿಗೆಯಲ್ಲಿ ಅದಕ್ಕೆ ದಂಡ ಕಟ್ಟಿಸಬೇಕು. ಆಗ ಮಾತ್ರ ಅದು ತಪ್ಪಾಗುತ್ತದೆ. ದಂಡ ಬೀಳದ ತಪ್ಪು ಒಳ್ಳೆಯ ಪಟ್ಟೆಂದೇ ಚಲಾವಣೆಯಾಗುತ್ತದೆ. ಆದ್ದರಿಂದ ಎದುರಾಳಿಯ ತಪ್ಪನ್ನು ಬಿಡದೆ ದಂಡಿಸುವುದು ಆಡುವವನ ಹೊಣೆ, ಇಬ್ಬರೂ ಆ ಹೊಣೆ ಹೊತ್ತಾಗಲೇ ಆಟಕ್ಕೆ ತೂಕ ಬರುತ್ತದೆ.

ಇದು ಮನದಟ್ಟಾಗಲು ಆಟದೊಳಗೆ ಕಾಲ ಹೇಗೆ ಓಡುತ್ತದೆ ಎಂಬುದನ್ನು ತಿಳಿಯಬೇಕು. ಕ್ಯಾಪ್‌ಕಾಮ್ 1991ರಲ್ಲಿ ಹೊರತಂದ ಸ್ಟ್ರೀಟ್ ಫೈಟರ್ 2ರಿಂದ ಹಿಡಿದು ಇಂದಿನ ಟೆಕ್ಕನ್, ಸ್ಟ್ರೀಟ್ ಫೈಟರ್ 6ರವರೆಗೆ ಈ ಜಾತಿಯ ಆಟಗಳು ಸೆಕೆಂಡಿಗೆ ಸುಮಾರು 60 ಚಿತ್ರಗಳ ಲೆಕ್ಕದಲ್ಲಿ ನಡೆಯುತ್ತವೆ. ಒಂದು ಚಿತ್ರಕ್ಕೆ ಒಂದು ಫ್ರೇಮ್. ಪ್ರತಿಯೊಂದು ಹೊಡೆತವೂ ಮೂರು ಘಟ್ಟ ದಾಟುತ್ತದೆ. ಕೈ ಎದ್ದು ಮುಂದಕ್ಕೆ ಬರುವುದು ಮೊದಲನೆಯದು. ಮುಷ್ಟಿ ನಿಜವಾಗಿ ತಾಗಬಲ್ಲ ಕೆಲವೇ ಫ್ರೇಮ್‌ಗಳು ಎರಡನೆಯದು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಮತ್ತೆ ಸಿದ್ಧನಾಗಿ ನಿಲ್ಲುವುದು ಮೂರನೆಯದು. ಈ ಕೊನೆಯ ಘಟ್ಟದಲ್ಲಿ ಹೊಡೆದವನು ತನ್ನ ಹೊಡೆತಕ್ಕೇ ಸೆರೆಯಾಗಿರುತ್ತಾನೆ. ಸಾಮಾನ್ಯವಾಗಿ ಅವನಿಗೆ ತಡೆಯಲಾಗದು, ಓಡಲಾಗದು, ಬೇರೆ ಗುಂಡಿ ಒತ್ತಿದರೂ ಆಟ ಕೇಳಿಸಿಕೊಳ್ಳದು. ಆ ಸೆರೆ ಬಿಡುವ ಮೊದಲೇ ನಮ್ಮ ಹೊಡೆತ ಅವನನ್ನು ಮುಟ್ಟಿದರೆ ಅದೇ ಪನಿಶ್.

ಸ್ಟ್ರೀಟ್ ಫೈಟರ್‌ನ ರ್ಯೂ ಮತ್ತು ಕೆನ್ ಹಾಕುವ ಶೋರ್ಯುಕೆನ್ ಎಂಬ ಪಟ್ಟು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಮುಷ್ಟಿ ಮೇಲೆತ್ತಿ ಗಾಳಿಗೆ ಜಿಗಿಯುವ ಈ ಹೊಡೆತ ತಾಗಿದರೆ ಎದುರಾಳಿಯ ದಾಳಿಯೆಲ್ಲ ಮುರಿದುಬೀಳುತ್ತದೆ. ಅದರ ಬಲವಾದ ರೂಪಗಳಿಗೆ ಏಳುವ ಗಳಿಗೆಯಲ್ಲಿ ಯಾವ ಹೊಡೆತವೂ ನಾಟದು. ಆದರೆ ಎದುರಾಳಿ ಅದನ್ನು ತಡೆದು ನಿಂತನೆಂದರೆ, ಹೊಡೆದವನು ಗಾಳಿಯಿಂದ ಕೆಳಗಿಳಿದು ಚೇತರಿಸಿಕೊಳ್ಳುವಷ್ಟರಲ್ಲಿ 20ಕ್ಕೂ ಹೆಚ್ಚು ಫ್ರೇಮ್ ಕಳೆದುಹೋಗುತ್ತವೆ. ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಈ ಆಟದಲ್ಲಿ ಅದು ದೀರ್ಘ ಕಾಲ. ಎದುರಾಳಿ ತನ್ನಲ್ಲಿರುವ ಅತಿ ದೊಡ್ಡ ಹೊಡೆತವನ್ನು ಆರಿಸಿಕೊಂಡು ಹೊಡೆಯಬಹುದು. ಶೋರ್ಯುಕೆನ್‌ನ ಶಕ್ತಿಗೆ ಈ ಅಪಾಯವೇ ಬೆಲೆ. ಆ ಬೆಲೆಯನ್ನು ವಸೂಲು ಮಾಡುವವರು ಎದುರಿಗಿಲ್ಲದಿದ್ದರೆ ಅದು ಬಿಟ್ಟಿ ಶಕ್ತಿ.

ಟೆಕ್ಕನ್‌ನಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಅಲ್ಲಿ ಬಹುತೇಕ ಪಾತ್ರಗಳ ಅತಿ ಚುರುಕಾದ ಗುದ್ದು ತಾಗಲು 10 ಫ್ರೇಮ್ ಬೇಕು. ಹಾಗಾಗಿ ತಡೆದ ಮೇಲೆ ಹೊಡೆದವನು ನಮಗಿಂತ 9 ಫ್ರೇಮ್ ತಡವಾಗಿ ಚೇತರಿಸಿಕೊಂಡರೆ ಅವನು ಕ್ಷೇಮ. 10 ಫ್ರೇಮ್ ತಡವಾದರೆ ಸಿಕ್ಕಿಬಿದ್ದ. ಸುಮಾರು 15 ಫ್ರೇಮ್ ತಡವಾದರೆ ಅನೇಕ ಪಾತ್ರಗಳು ಅವನನ್ನು ಗಾಳಿಗೆಸೆದು, ಕೆಳಗೆ ಬೀಳಗೊಡದೆ ಹೊಡೆಯುತ್ತಲೇ ಇರಬಹುದು. ತಪ್ಪಿನ ಅಳತೆಗೆ ತಕ್ಕಂತೆ ದಂಡದ ಅಳತೆ. ಇಷ್ಟು ಕಟ್ಟುನಿಟ್ಟಾದ ನ್ಯಾಯ ಆಟದ ಲೆಕ್ಕದಲ್ಲೇ ಬರೆದಿಟ್ಟಿದೆ. ಆದರೆ ಅದನ್ನು ಜಾರಿಗೆ ತರಲು ಅಂಪೈರ್ ಇಲ್ಲ. ಜಾರಿಗೆ ತರಬೇಕಾದವನು ಎದುರಾಳಿಯೇ.

ಇಲ್ಲಿಗೆ ವೇಗದ ವಾದ ಮರಳಿ ಬರುತ್ತದೆ. ಸೆಕೆಂಡಿನ 60ನೇ ಭಾಗದ ಲೆಕ್ಕದಲ್ಲಿ ನಡೆಯುವ ಆಟವನ್ನು ಚುರುಕು ಕೈಯವರಲ್ಲದೆ ಇನ್ನಾರು ಗೆಲ್ಲಬಲ್ಲರು ಎಂಬ ಪ್ರಶ್ನೆ ಸಹಜ. ಉತ್ತರ ನಮ್ಮ ದೇಹದಲ್ಲೇ ಇದೆ. ನಿರೀಕ್ಷಿಸಿ ಕೂತ ಒಂದು ಸರಳ ಸಂಕೇತ ಕಂಡೊಡನೆ ಗುಂಡಿ ಒತ್ತಲು ಕೂಡ ಮನುಷ್ಯನಿಗೆ ಸಾಮಾನ್ಯವಾಗಿ ಸೆಕೆಂಡಿನ ಐದನೇ ಅಥವಾ ನಾಲ್ಕನೇ ಒಂದು ಭಾಗ ಬೇಕು. ಅಂದರೆ 12ರಿಂದ 15 ಫ್ರೇಮ್. ಕಂಡದ್ದು ಏನು, ಅದಕ್ಕೆ ಉತ್ತರ ಯಾವುದು ಎಂದು ಆರಿಸಬೇಕಾದರೆ ಇನ್ನಷ್ಟು. ಬರಿಗಣ್ಣಿನ ಪ್ರತಿಕ್ರಿಯೆಯನ್ನೇ ನಂಬಿಕೊಂಡವನಿಗೆ 10 ಫ್ರೇಮ್‌ಗಳ ಸಂದಿ ಕಾಣುವಷ್ಟರಲ್ಲಿ ಮುಚ್ಚಿಹೋಗಿರುತ್ತದೆ.

ಆದರೂ ಆಟಗಾರರು ಆ ಸಂದಿಯಲ್ಲಿ ಹೊಡೆಯುತ್ತಾರೆ. ಹೇಗೆಂದರೆ ಅವರ ಕೆಲಸ ಸಂದಿ ತೆರೆಯುವ ಮೊದಲೇ ಶುರುವಾಗಿರುತ್ತದೆ. ಎದುರಾಳಿಯ ಭುಜ ತಿರುಗಿದ್ದನ್ನು ಕಂಡೊಡನೆ ಇದು ಯಾವ ಹೊಡೆತ ಎಂದು ಗುರುತಿಸುತ್ತಾರೆ. ಅದನ್ನು ತಡೆಯುವ ಹೊತ್ತಿಗೆ ಉತ್ತರ ಯಾವುದೆಂದು ನಿರ್ಧಾರವಾಗಿರುತ್ತದೆ. ತಡೆದ ಏಟಿನ ಅದುರು ಕಳೆದು ಕೈ ಬಿಡುಗಡೆಯಾದ ಮರುಗಳಿಗೆಯಲ್ಲೇ ಗುಂಡಿ ಬೀಳುತ್ತದೆ. ಆ ಹೊಡೆತ ತಡೆದರೆ ಎಷ್ಟು ತಡವಾಗಿ ಚೇತರಿಸಿಕೊಳ್ಳುತ್ತದೆ, ತನ್ನ ಪಾತ್ರದಲ್ಲಿ ಅದಕ್ಕೆ ಸಲ್ಲುವ ಉತ್ತರ ಯಾವುದು ಎಂಬುದನ್ನೆಲ್ಲ ಅವರು ಹಿಂದಿನ ವಾರವೇ ಅಭ್ಯಾಸದ ಕೋಣೆಯಲ್ಲಿ ಕಲಿತಿರುತ್ತಾರೆ. 2023ರಲ್ಲಿ ಬಂದ ಸ್ಟ್ರೀಟ್ ಫೈಟರ್ 6ರ ಅಭ್ಯಾಸದ ವಿಭಾಗದಲ್ಲಿ ಈ ಫ್ರೇಮ್‌ಗಳನ್ನು ಬಣ್ಣದ ಪಟ್ಟಿಯಾಗಿ ತೆರೆಯ ಮೇಲೇ ತೋರಿಸುವ ಏರ್ಪಾಡಿದೆ. ಹಿಂದೆ ಬಲ್ಲವರ ಬಾಯಿಂದ ಬಾಯಿಗೆ ಹೋಗುತ್ತಿದ್ದ ವಿದ್ಯೆ ಈಗ ಹೊಸಬನ ಮುಂದೆಯೂ ತೆರೆದಿಟ್ಟಿದೆ. ಕಲಿಯುವ ಮನಸ್ಸಿದ್ದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಅದೇ ಆಟದ ಡ್ರೈವ್ ಇಂಪ್ಯಾಕ್ಟ್ ಎಂಬ ಪಟ್ಟು ಗಮನ ಎಂದರೇನು ಎಂಬುದನ್ನು ಚೆನ್ನಾಗಿ ತಿಳಿಸುತ್ತದೆ. ಅದು ತಾಗಲು 26 ಫ್ರೇಮ್ ಬೇಕು. ಸೆಕೆಂಡಿನ 10ರಲ್ಲಿ 4 ಭಾಗಕ್ಕೂ ಹೆಚ್ಚು. ಕಂಡು ಉತ್ತರಿಸಲು ಧಾರಾಳ ಸಮಯ ಇದೆ ಎಂದು ಕಾಗದದ ಲೆಕ್ಕ ಹೇಳುತ್ತದೆ. ಆದರೂ ಅನುಭವಿಗಳು ಸಹ ಅದರ ಏಟು ತಿನ್ನುತ್ತಾರೆ. ಯಾಕೆಂದರೆ ಆ ಗಳಿಗೆಯಲ್ಲಿ ಅವರ ಮನಸ್ಸು ತಾವು ಮುಂದೆ ಒತ್ತಬೇಕಾದ ಗುಂಡಿಯ ಮೇಲಿರುತ್ತದೆ, ಎದುರಾಳಿಯ ಮೇಲಿರುವುದಿಲ್ಲ. ತನ್ನ ಯೋಜನೆಯಲ್ಲೇ ಮುಳುಗಿದವನಿಗೆ ಅರ್ಧ ಸೆಕೆಂಡೂ ಸಾಲದು. ಎದುರಿನವನನ್ನು ನೋಡುತ್ತಿರುವವನಿಗೆ ಕಾಲು ಸೆಕೆಂಡು ಬೇಕಾದಷ್ಟಾಯಿತು. ನನಗೆ ಈ ಆಟಗಳ ಬಗ್ಗೆ ಇರುವ ಗೌರವದ ಮೂಲ ಇದು: ಗೆಲ್ಲಬೇಕಾದವನು ತನ್ನಿಂದ ಕಣ್ಣು ತೆಗೆದು ಇನ್ನೊಬ್ಬನ ಮೇಲೆ ನಿಲ್ಲಿಸಬೇಕಾಗುತ್ತದೆ.

ತಡೆದು ದಂಡಿಸುವುದು ಒಂದು ಬಗೆಯಾದರೆ, ಹೊಡೆತ ತನ್ನನ್ನು ಮುಟ್ಟದಂತೆ ನಿಂತು ದಂಡಿಸುವುದು ಇನ್ನೊಂದು. ಆಟಗಾರರು ಇದನ್ನು ವಿಫ್ ಪನಿಶ್ ಎನ್ನುತ್ತಾರೆ. ಎದುರಾಳಿಯ ಕಾಲು ಎಲ್ಲಿಯವರೆಗೆ ಚಾಚೀತು ಎಂದು ಅಳೆದು, ಅದರಿಂದ ಒಂದು ಹೆಜ್ಜೆ ಆಚೆ ನಿಲ್ಲಬೇಕು. ಅವನ ಒದೆ ಬರಿಗಾಳಿಗೆ ತಾಗಿದಾಗ ಆ ಚಾಚಿದ ಕಾಲಿಗೇ ಹೊಡೆಯಬೇಕು. ಕಬಡ್ಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋನಸ್ ಗೆರೆಗೆಂದು ರೈಡರ್ ಕಾಲು ಚಾಚಿದ ಗಳಿಗೆಯಲ್ಲೇ ಮೂಲೆಯ ಆಟಗಾರ ಅವನ ಪಾದಕ್ಕೆ ಬೀಳುತ್ತಾನೆ. ಕಾಲು ಚಾಚುವ ಮೊದಲು ಬಿದ್ದರೆ ರೈಡರ್ ನುಣುಚಿಕೊಳ್ಳುತ್ತಾನೆ, ಕಾಲು ಹಿಂದಕ್ಕೆ ಬಂದ ಮೇಲೆ ಬಿದ್ದರೆ ಕೈಗೆ ಮಣ್ಣು ಮಾತ್ರ. ಅಂಥ ಆಟಗಾರನ ಚುರುಕನ್ನು ಜನ ಹೊಗಳುತ್ತಾರೆ. ಆದರೆ ಅವನು ಆ ಮೊದಲು ಅರೆಬಗ್ಗಿ, ಸದ್ದಿಲ್ಲದೆ, ರೈಡರನ ಹೆಜ್ಜೆಯ ಲಯವನ್ನು ಓದುತ್ತ ಕಳೆದ ಹೊತ್ತೇ ಆ ಹಿಡಿತದ ಮುಕ್ಕಾಲು ಪಾಲು.

ಈಗ ನನ್ನ ಮೂಲ ವಾದಕ್ಕೆ ಬರುತ್ತೇನೆ. 1997ರಲ್ಲಿ ಆರ್ಕೇಡ್‌ಗೂ ಮರುವರ್ಷ ಪ್ಲೇಸ್ಟೇಷನ್‌ಗೂ ಬಂದ ಟೆಕ್ಕನ್ 3 ನಮ್ಮ ಊರುಗಳ ವಿಡಿಯೊ ಗೇಮ್ ಪಾರ್ಲರ್‌ಗಳನ್ನೂ ಆಳಿದ ಆಟ. ಅದರಲ್ಲಿ ಎಡ್ಡಿ ಗೋರ್ಡೊ ಎಂಬ ಪಾತ್ರವಿತ್ತು. ಬ್ರೆಜಿಲ್‌ನ ಕಪೊಯೆರಾ ಶೈಲಿಯಲ್ಲಿ ಕೈ ನೆಲಕ್ಕೂರಿ ಕಾಲು ಬೀಸುವವನು. ಏನೂ ಕಲಿಯದ ಹುಡುಗ ಎಡ್ಡಿಯನ್ನು ಆರಿಸಿಕೊಂಡು ಒದೆಯುವ ಎರಡು ಗುಂಡಿಗಳನ್ನು ಮನಬಂದಂತೆ ಒತ್ತುತ್ತಿದ್ದರೆ ಸಾಕು, ಸಾಲುಸಾಲಾಗಿ ಗೆಲ್ಲುತ್ತಿದ್ದ. ಇದು ಒಂದು ಊರಿನ ಕತೆಯಲ್ಲ, ಲೋಕದ ಎಲ್ಲೆಡೆ ಇದೇ ದೂರು ಕೇಳಿಬರುತ್ತಿತ್ತು. ಎಡ್ಡಿಯನ್ನು ಆಡುವುದೇ ಮೋಸ ಎಂದು ಸೋತವರು ಸಿಟ್ಟಾಗುತ್ತಿದ್ದರು.

ಆ ಹುಡುಗ ಆಡುತ್ತಿದ್ದುದು ಕೆಟ್ಟ ಆಟವೇ? ಫ್ರೇಮ್‌ಗಳ ಲೆಕ್ಕ ಹೌದು ಎನ್ನುತ್ತದೆ. ಎಡ್ಡಿಯ ಒದೆಗಳ ನಡುವೆ ಸಂದಿಗಳಿದ್ದವು. ಕಾಲ ಬುಡಕ್ಕೆ ಬೀಸುವ ಒದೆಯನ್ನು ಕುಳಿತು ತಡೆದರೆ ಅವನು ತೀರ ಅಸಹಾಯಕನಾಗುತ್ತಿದ್ದ. ಆದರೆ ಆ ಸಂದಿಯಲ್ಲಿ ಹೊಡೆಯಲು ಎದುರಿಗಿದ್ದವನಿಗೆ ಬರುತ್ತಿರಲಿಲ್ಲ. ಹಾಗಾಗಿ ಆ ಪಾರ್ಲರ್‌ನಲ್ಲಿ, ಆ ಮಧ್ಯಾಹ್ನ, ಆ ಇಬ್ಬರ ನಡುವೆ ಗುಂಡಿ ಒತ್ತುತ್ತಲೇ ಇರುವುದು ಅತ್ಯುತ್ತಮ ತಂತ್ರವೇ ಆಗಿತ್ತು. ಹುಡುಗನ ಅಭ್ಯಾಸವನ್ನು ಸರಿ ಎಂದು ಸಾಬೀತು ಮಾಡಿದವನು ಅವನನ್ನು ದಂಡಿಸದೆ ಬಿಟ್ಟ ಎದುರಾಳಿ. ತಡೆದು ಕುಳಿತು, ಏನೂ ಮಾಡದೆ, ಮತ್ತೆ ತಡೆಯಲು ಸಿದ್ಧನಾಗುವವನು ತಾನು ಎಚ್ಚರದಿಂದ ಆಡುತ್ತಿದ್ದೇನೆ ಎಂದುಕೊಳ್ಳುತ್ತಾನೆ. ನಿಜದಲ್ಲಿ ಅವನು ಎದುರಾಳಿಗೆ ಇದೇ ಸರಿ, ಮುಂದುವರಿಸು ಎಂದು ಅಪ್ಪಣೆ ಕೊಡುತ್ತಿರುತ್ತಾನೆ. ಇಂಥ ಸೋಲಿಗೆ ಪಾತ್ರವನ್ನೋ ಆಟವನ್ನೋ ದೂರುವುದು ಸುಲಭ. ಆದರೆ ದೂರಿನಿಂದ ಎಡ್ಡಿಯ ಒಂದು ಒದೆಯೂ ನಿಲ್ಲುವುದಿಲ್ಲ.

ಇದರ ಇನ್ನೊಂದು ತುದಿಯಲ್ಲಿ ಈ ಆಟಗಳ ಇತಿಹಾಸದ ಅತಿ ಪ್ರಸಿದ್ಧ ಗಳಿಗೆಯಿದೆ. 2004ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಎವೊ ಪಂದ್ಯಾವಳಿ ನಡೆಯಿತು. ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್ ಆಟದಲ್ಲಿ ಜಪಾನಿನ ಡೈಗೊ ಉಮೆಹಾರಾ ಕೆನ್ ಆಗಿಯೂ ಅಮೆರಿಕದ ಜಸ್ಟಿನ್ ವಾಂಗ್ ಚುನ್ ಲೀ ಆಗಿಯೂ ಎದುರಾದರು. ಕೆನ್‌ಗೆ ಉಳಿದಿದ್ದುದು ಕೂದಲೆಳೆಯಷ್ಟು ಪ್ರಾಣ. ಚುನ್ ಲೀಯ ಮಹಾಪಟ್ಟನ್ನು ಸಾಮಾನ್ಯ ರೀತಿಯಲ್ಲಿ ತಡೆದರೂ ಅದರ ಸವೆತಕ್ಕೇ ಆ ಪ್ರಾಣ ಹೋಗುತ್ತಿತ್ತು. ವಾಂಗ್ ಆ ಪಟ್ಟನ್ನೇ ಹಾಕಿದರು. ಡೈಗೊ 15 ಒದೆಗಳನ್ನೂ ಒಂದೊಂದಾಗಿ ಪ್ಯಾರಿ ಮಾಡಿದರು. ಒದೆ ತಾಗುವ ಕ್ಷಣಕ್ಕೇ ಜಾಯ್‌ಸ್ಟಿಕ್ಕನ್ನು ಎದುರಾಳಿಯ ಕಡೆಗೆ ತಳ್ಳಿ ಏಟನ್ನು ಹುಸಿಗೊಳಿಸುವ ವಿದ್ಯೆ ಅದು. ಕೊನೆಯ ಒದೆಯನ್ನು ಗಾಳಿಯಲ್ಲಿ ಪ್ಯಾರಿ ಮಾಡಿ, ಕೆಳಗಿಳಿಯುತ್ತಲೇ ಬೆನ್ನುಬೆನ್ನಿಗೆ ಸೇರುವ ಹೊಡೆತಗಳ ಕಾಂಬೊ ಹೆಣೆದು ಗೆದ್ದರು.

ಅಂದಿನ ಕೂಟದ ಕಿರಿಚಾಟ ಆ ದೃಶ್ಯದಲ್ಲಿ ಇಂದಿಗೂ ಕೇಳುತ್ತದೆ, ನೋಡಿದವರೆಲ್ಲ ಅದನ್ನು ಅಮಾನುಷ ಚುರುಕು ಎಂದೇ ಬಣ್ಣಿಸುತ್ತಾರೆ. ನಾನು ಅದನ್ನು ಬೇರೆ ಬಗೆಯಲ್ಲಿ ಓದುತ್ತೇನೆ. ಆ ಮಹಾಪಟ್ಟಿನ ಮೊದಲ ಒದೆಯನ್ನು ಕಂಡು ತಡೆಯುವಷ್ಟು ಸಮಯ ಸಿಗುವುದಿಲ್ಲ, ಅದು ಬರುತ್ತದೆಂದು ಮೊದಲೇ ಎಣಿಸಿರಬೇಕು. ಉಳಿದ ಒದೆಗಳ ಲಯ ಅಭ್ಯಾಸದಿಂದ ಕೈಗೆ ಹತ್ತುವಂಥದ್ದು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವಾಂಗ್ ಅವರ ನಿರ್ಧಾರ ಎಲ್ಲ ಲೆಕ್ಕದಲ್ಲೂ ಸರಿಯಾಗಿತ್ತು. ಎದುರಿಗೆ ಹೆಚ್ಚುಕಡಿಮೆ ಯಾರೇ ಇದ್ದಿದ್ದರೂ ಅದು ಪಂದ್ಯ ಮುಗಿಸುವ ಪಟ್ಟೇ. ಅದನ್ನು ತಪ್ಪಾಗಿಸಿದ್ದು ಎದುರಿಗಿದ್ದ ಒಬ್ಬ ವ್ಯಕ್ತಿ. ಎಡ್ಡಿಯ ಹುಡುಗನ ಕೆಟ್ಟ ಒದೆ ಎದುರಾಳಿಯ ಅಜ್ಞಾನದಿಂದ ಒಳ್ಳೆಯದಾಯಿತು, ವಾಂಗ್‌ರ ಒಳ್ಳೆಯ ಪಟ್ಟು ಎದುರಾಳಿಯ ವಿದ್ಯೆಯಿಂದ ತಪ್ಪಾಯಿತು. ಎರಡೂ ಒಂದೇ ನಿಯಮದ ಎರಡು ಫಲಗಳು.

ಈ ನಿಯಮ ಇಬ್ಬರು ಆಟಗಾರರನ್ನು ದಾಟಿ ಒಂದು ಊರಿನ ಆಟವನ್ನೇ ರೂಪಿಸಬಲ್ಲದು. 2019ರ ಫೆಬ್ರವರಿಯಲ್ಲಿ ಲಾಹೋರಿನ ಅರ್ಸಲಾನ್ ಆಶ್ ಜಪಾನಿನ ಫುಕುವೋಕಾದಲ್ಲಿ ನಡೆದ ಎವೊ ಜಪಾನ್‌ನ ಟೆಕ್ಕನ್ 7 ಪಂದ್ಯಾವಳಿ ಗೆದ್ದಾಗ ಲೋಕ ಅವರ ಹೆಸರನ್ನೇ ಕೇಳಿರಲಿಲ್ಲ ಎನ್ನಬಹುದು. ಅದೇ ವರ್ಷ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಎವೊ ಅಂತಿಮದಲ್ಲಿ ಕೊರಿಯಾದ ದಿಗ್ಗಜ, ‘ನೀ’ ಎಂಬ ಹೆಸರಿನ ಆಟಗಾರರನ್ನು ಸೋಲಿಸಿದರು. ತಮ್ಮ ದೇಶದಲ್ಲಿ ಇನ್ನೂ ಇಂಥ ಆಟಗಾರರಿದ್ದಾರೆ ಎಂದು ಅವರು ಹೇಳಿದ್ದು ಉತ್ಪ್ರೇಕ್ಷೆಯಾಗಲಿಲ್ಲ. 2023ರ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಟೆಕ್ಕನ್ ವಿಶ್ವ ಪ್ರವಾಸದ ಅಂತಿಮ ಹಣಾಹಣಿಯನ್ನು ಪಾಕಿಸ್ತಾನದ ಆತಿಫ್ ಬಟ್ ಗೆದ್ದರು. ವೀಸಾ, ಪ್ರಯಾಣದ ಖರ್ಚು, ಪ್ರಾಯೋಜಕರ ಕೊರತೆ ಎಲ್ಲವೂ ಎದುರಿದ್ದ ಕಡೆಯಿಂದ ಒಬ್ಬರ ಹಿಂದೊಬ್ಬರು ಹೀಗೆ ಬರಲು ಕಾರಣವೇನು? ಒಂದೇ ಕಾರಣ ಕೊಡುವುದು ಸರಿಯಲ್ಲ. ಆದರೆ ಅಕ್ಕಪಕ್ಕ ಕುಳಿತು ದಿನವೂ ಆಡುವ ಅವರ ಗೇಮ್ ಅಂಗಡಿಗಳಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಸುಮ್ಮನೆ ಬಿಡುತ್ತಿರಲಿಲ್ಲ ಎಂಬುದು ಅವರ ಆಟದಲ್ಲೇ ಕಾಣುತ್ತದೆ. ಜೊತೆಗಾರನ ಸಡಿಲ ಹೊಡೆತಕ್ಕೆ ಪ್ರತಿಸಲ ದಂಡ ಹಾಕುವ ಕೂಟದಲ್ಲಿ ಸಡಿಲ ಹೊಡೆತಗಳು ತಾವಾಗಿ ಉದುರಿಹೋಗುತ್ತವೆ. ಒಬ್ಬರನ್ನೊಬ್ಬರು ಬಿಡದೆ ದಂಡಿಸುವುದು ಅಲ್ಲಿ ಒಬ್ಬರಿಗೊಬ್ಬರು ಮಾಡುವ ಉಪಕಾರ.

ದಂಡಿಸಬೇಕು ಎಂದಾಕ್ಷಣ ಸಿಕ್ಕಿದ್ದೇ ಅವಕಾಶವೆಂದು ಮೈಮೇಲೆ ಬೀಳಬೇಕೆಂದಲ್ಲ. ದಂಡಿಸುವವನೂ ತಪ್ಪಬಲ್ಲ, ಹೊಸಬರು ಹೆಚ್ಚಾಗಿ ಎಡವುವುದು ಅಲ್ಲೇ. 12 ಫ್ರೇಮ್‌ಗಳ ಸಂದಿ ಸಿಕ್ಕಾಗ 15 ಫ್ರೇಮ್‌ಗಳ ದೊಡ್ಡ ಹೊಡೆತಕ್ಕೆ ಆಸೆಪಟ್ಟವನು ಎದುರಾಳಿಯ ತಪ್ಪನ್ನು ತನ್ನ ತಪ್ಪಾಗಿ ಬದಲಿಸಿಕೊಳ್ಳುತ್ತಾನೆ. ದೊಡ್ಡ ಕಾಂಬೊ ಶುರುಮಾಡಿ ನಡುವೆ ಕೈತಪ್ಪಿಸಿದವನಿಗೂ ಅದೇ ಗತಿ. ಕಾಂಬೊ ಎಂಬುದು ಸ್ಟ್ರೀಟ್ ಫೈಟರ್ 2ರಲ್ಲಿ ಯೋಜಿಸಿ ಇಟ್ಟದ್ದಾಗಿರಲಿಲ್ಲ. ಕಾರು ಒಡೆಯುವ ಬೋನಸ್ ಘಟ್ಟವನ್ನು ಪರೀಕ್ಷಿಸುವಾಗ ನಿರ್ಮಾಪಕ ನೊರಿತಾಕಾ ಫುನಾಮಿಜು ಅವರಿಗೆ ಒಂದು ಹೊಡೆತದ ಬೆನ್ನಿಗೆ ಇನ್ನೊಂದು ಸೇರಿಕೊಳ್ಳುವುದು ಕಂಡಿತು, ಇಷ್ಟು ಕಷ್ಟದ ಸಮಯಸಾಧನೆ ಯಾರಿಗೂ ಉಪಯೋಗಕ್ಕೆ ಬಾರದು ಎಂದುಕೊಂಡು ಅದನ್ನು ಹಾಗೇ ಬಿಟ್ಟರು. ಆಟಗಾರರು ಅದನ್ನೇ ಹಿಡಿದು ಒಂದು ಕಲೆಯನ್ನಾಗಿ ಬೆಳೆಸಿದರು. ಆ ಕಲೆಯ ಸೊಬಗು ದೊಡ್ಡದೇ. ಆದರೆ ತಡವರಿಸದ ಸಣ್ಣ ದಂಡ ಕೈತಪ್ಪುವ ದೊಡ್ಡ ದಂಡಕ್ಕಿಂತ ಯಾವತ್ತೂ ಮೇಲು. ಎದುರಾಳಿಗೆ ತಿಳಿಯಬೇಕಾದದ್ದು ಈ ಹೊಡೆತಕ್ಕೆ ಬೆಲೆಯಿದೆ ಎಂಬ ಮಾತು. ಅದನ್ನು ಎರಡು ಗುದ್ದುಗಳೂ ಹೇಳಬಲ್ಲವು, ಪ್ರತಿಸಲ ಹೇಳಿದರೆ ಸಾಕು.

ಇದಕ್ಕೆಲ್ಲ ಒಂದು ಬಲವಾದ ಆಕ್ಷೇಪ ಇದೆ. ಎದುರಾಳಿ ತಪ್ಪಲಿ ಎಂದು ಕಾಯುತ್ತ ಕೂರುವುದು ಹೇಡಿತನವಲ್ಲವೇ, ಇಬ್ಬರೂ ಕಾದರೆ ಆಟ ಎಲ್ಲಿ ನಡೆಯುತ್ತದೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಸುಮ್ಮನೆ ತಡೆದು ಕೂರುವುದೇ ಲಾಭವಾದರೆ ಆಟ ಸತ್ತುಹೋಗುತ್ತದೆ, ಅಂಥ ಆಟಗಳನ್ನು ಜನ ಕೈಬಿಟ್ಟಿದ್ದಾರೆ. ಒಳ್ಳೆಯ ಆಟ ಕಟ್ಟುವವರಿಗೆ ಇದು ಗೊತ್ತು. ಆದ್ದರಿಂದಲೇ ತಡೆದು ಕೂತವನನ್ನು ಹಿಡಿದೆಸೆಯುವ ಪಟ್ಟುಗಳಿವೆ. ಸ್ಟ್ರೀಟ್ ಫೈಟರ್ 6ರಲ್ಲಂತೂ ತಡೆಯುತ್ತ ಹೋದಂತೆ ಡ್ರೈವ್ ಎಂಬ ಶಕ್ತಿ ಬರಿದಾಗುತ್ತದೆ. ಅದು ಪೂರ್ತಿ ಮುಗಿದರೆ ತಡೆದ ಏಟುಗಳೂ ಪ್ರಾಣ ಸವೆಸುತ್ತವೆ. ಅಂದರೆ ಕಾಯುವುದಕ್ಕೂ ಬೆಲೆಯಿದೆ. ಬೆಲೆ ತೆತ್ತು ಕಾಯುವವನನ್ನು ಹೇಡಿ ಎನ್ನಲಾಗದು. ಅವನು ಒಂದು ಹೊಡೆತದ ದೂರದಲ್ಲಿ ನಿಂತು, ಮುಂದೆ ಬಂದಂತೆ ಮಾಡಿ, ಹಿಂದೆ ಸರಿದು, ಎದುರಾಳಿಯ ಕೈಯಿಂದ ತಪ್ಪನ್ನು ಹೊರಡಿಸುತ್ತಿರುತ್ತಾನೆ. ಹೊಡೆಯುವವನಿಗೂ ಇದರಿಂದ ಒಳಿತೇ. ದಂಡದ ಭಯವಿರುವಲ್ಲಿ ಮಾತ್ರ ಅವನ ಧೈರ್ಯಕ್ಕೆ ಧೈರ್ಯವೆಂಬ ಹೆಸರು ಸಲ್ಲುತ್ತದೆ. ಏನೂ ಕಳೆದುಕೊಳ್ಳದೆ ಹಾಕುವ ಶೋರ್ಯುಕೆನ್‌ನಲ್ಲಿ ಯಾವ ಸಾಹಸವಿದೆ?

ಈ ನ್ಯಾಯ ನಡೆಯಬೇಕಾದರೆ ಇಬ್ಬರಿಗೂ ಒಂದೇ ಕಾಲ ಸಿಗಬೇಕು. ದೂರದ ಊರಿನವರೊಡನೆ ಅಂತರ್ಜಾಲದಲ್ಲಿ ಆಡುವಾಗ ಗುಂಡಿ ಒತ್ತಿದ್ದು ತಡವಾಗಿ ತಲುಪಿದರೆ 10 ಫ್ರೇಮ್‌ಗಳ ಸಂದಿಯಲ್ಲಿ ಹೊಡೆಯುವುದು ತೀರ ಕಷ್ಟ. ಆಗ ಕ್ಷೇಮವಲ್ಲದ ಎಷ್ಟೋ ಹೊಡೆತಗಳು ಕ್ಷೇಮವಾಗಿಬಿಡುತ್ತವೆ, ಬೇಕಾಬಿಟ್ಟಿ ಆಡುವವನೇ ಗೆಲ್ಲುತ್ತಾನೆ. ಎವೊ ಸ್ಥಾಪಕರಲ್ಲಿ ಒಬ್ಬರಾದ ಟೋನಿ ಕ್ಯಾನನ್ 2006ರಲ್ಲಿ ಜಿಜಿಪಿಒ ಎಂಬ ವ್ಯವಸ್ಥೆ ರೂಪಿಸಿದ್ದು ಈ ಕೊರತೆ ನೀಗಲು. ಎದುರಾಳಿಯ ಗುಂಡಿಗಾಗಿ ಕಾಯದೆ, ಅವನು ಏನು ಒತ್ತಿರಬಹುದೆಂದು ಊಹಿಸಿ ಆಟವನ್ನು ಮುಂದೆ ನಡೆಸುವುದು, ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದೆ ಹೋಗಿ ತಿದ್ದಿಕೊಳ್ಳುವುದು ಅದರ ಬಗೆ. ರೋಲ್‌ಬ್ಯಾಕ್ ಎಂಬ ಈ ವಿಧಾನಕ್ಕಾಗಿ ಆಟಗಾರರು ವರ್ಷಗಳ ಕಾಲ ಕಂಪನಿಗಳ ಹಿಂದೆ ಬಿದ್ದರು, ಇಂದು ಅದು ಹೊಸ ಆಟಗಳಲ್ಲಿ ಇರಲೇಬೇಕಾದ ಸೌಕರ್ಯವಾಗಿದೆ. ಆಟ ನುಣ್ಣಗೆ ಓಡಲಿ ಎಂಬುದಕ್ಕಿಂತ ದೊಡ್ಡ ಬೇಡಿಕೆ ಅದರಲ್ಲಿತ್ತು. ತಪ್ಪಿಗೆ ದಂಡ ಬೀಳುವ ಲೋಕ ಮನೆಯಲ್ಲಿ ಒಬ್ಬನೇ ಕೂತು ಆಡುವವನಿಗೂ ಸಿಗಬೇಕೆಂಬ ಬೇಡಿಕೆ ಅದು. ಊರಿನಲ್ಲಿ ಜೊತೆಗಾರರಿಲ್ಲದ ನಮ್ಮ ಕಡೆಯ ಆಟಗಾರರಿಗೆ ಇದರ ಬೆಲೆ ಇನ್ನೂ ಹೆಚ್ಚು.

ಹಾಗಾದರೆ ಕಲಿಯುವವನು ಏನು ಮಾಡಬೇಕು? ಸೋತ ಪಂದ್ಯವನ್ನು ಮತ್ತೆ ಹಾಕಿ ನೋಡುವಾಗ ಎಲ್ಲರೂ ತಾವು ತಿಂದ ಏಟುಗಳನ್ನೇ ಎಣಿಸುತ್ತಾರೆ. ಅದರ ಬದಲು ತಾನು ತಡೆದ ಏಟುಗಳನ್ನೂ ತನ್ನನ್ನು ಮುಟ್ಟದೆ ಹೋದ ಏಟುಗಳನ್ನೂ ಎಣಿಸಲಿ. ಅವುಗಳಲ್ಲಿ ಎಷ್ಟಕ್ಕೆ ತಾನು ಉತ್ತರ ಕೊಟ್ಟೆ, ಎಷ್ಟನ್ನು ಕೈಕಟ್ಟಿ ಬಿಟ್ಟೆ ಎಂದು ನೋಡಲಿ. ಬಿಟ್ಟ ಒಂದೊಂದೂ ಎದುರಾಳಿಗೆ ಅವನು ತಾನೇ ಕೊಟ್ಟ ಸಲುಗೆ, ಆಮೇಲೆ ತಿಂದ ಏಟುಗಳಲ್ಲಿ ಬಹುಪಾಲು ಆ ಸಲುಗೆಯಿಂದಲೇ ಹುಟ್ಟಿರುತ್ತವೆ. ಒಂದು ಹೊಡೆತ, ಅದಕ್ಕೊಂದು ಉತ್ತರ, ಅಷ್ಟನ್ನು ಕೈಗೆ ಹತ್ತಿಸಿಕೊಂಡು ಮುಂದಿನ ಪಂದ್ಯಕ್ಕೆ ಕೂತರೆ ಎದುರಾಳಿ ಆ ಹೊಡೆತವನ್ನು ಮೂರನೆಯ ಸಲ ಹಾಕಲು ಹಿಂಜರಿಯುವುದು ಕಾಣುತ್ತದೆ. ಆ ಹಿಂಜರಿಕೆಯೇ ಕಲಿಯುವವನ ಮೊದಲ ಗೆಲುವು. ಇನ್ನು ಮುಂದೆ ಎದುರಾಳಿಯೂ ಯೋಚಿಸಿ ಆಡಬೇಕಾಗುತ್ತದೆ, ಇಬ್ಬರ ಆಟವೂ ಮೇಲಕ್ಕೇರುತ್ತದೆ.